ಗೆರೆ ಬಾಗದಿದ್ದರೆ ಮೊದಲು ಬಿಂದು ಎಣಿಸಿ

ಇಂಕ್‌ಸ್ಕೇಪ್, ಇಲ್ಲಸ್ಟ್ರೇಟರ್ ತರಹದ ವೆಕ್ಟರ್ ಸಾಫ್ಟ್‌ವೇರ್‌ಗಳ ಬಗ್ಗೆ, ಅಂದರೆ ಬಿಂದು ಮತ್ತು ಗೆರೆಗಳಿಂದ ಚಿತ್ರ ಬರೆಯುವವುಗಳ ಬಗ್ಗೆ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗೋಳು. ಆಕಾರ ಬಾಗಿಸಲು ಹೋದೆ, ಬಾಗಲಿಲ್ಲ. ಇಲ್ಲವೇ ಬಾಗಿತು, ಆದರೆ ನಾನು ಅಂದುಕೊಂಡ ಹಾಗಲ್ಲ. ಹಾಗಾಗಿ ಲೇಯರ್, ಬಣ್ಣ, ಪ್ರಿಂಟ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಇವತ್ತು ಬರೀ ತಿರುಚುವ, ಹಿಂಡುವ, ಉಬ್ಬಿಸುವ ಕೆಲಸ.

ಪ್ರಶ್ನೆ: ಮೇಡಂ, ಇಂಕ್‌ಸ್ಕೇಪ್‌ನಲ್ಲಿ ಒಂದು ಚೌಕ ಬರೆದು, ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿರುವ ವರ್ಲ್ ಹಾಕಿದೆ. ನೀರಿನ ಸುಳಿಯ ಹಾಗೆ ಬರುತ್ತದೆ ಅಂದುಕೊಂಡಿದ್ದೆ. ಚೌಕ ಸೊಟ್ಟಗಾಗಿ ಪುಟದ ಇನ್ನೊಂದು ಕಡೆ ಹೋಗಿ ಕೂತಿತು. ಬದಿಗಳು ಮಾತ್ರ ನೆಟ್ಟಗೇ ಇವೆ. ಇನ್ನೊಂದು ಸಲ ಪರದೆಯ ನಡುವೆ ಇಟ್ಟು ಮಾಡಿದೆ. ಆಗ ಸುಮ್ನೆ ಒಂದಿಷ್ಟು ತಿರುಗಿತು, ಅಷ್ಟೇ. ಸಾಫ್ಟ್‌ವೇರ್ ಕೆಟ್ಟಿದೆಯಾ? (ಹೆಸರು ಬರೆಯದ ವಿದ್ಯಾರ್ಥಿ)

ಉತ್ತರ: ಕೆಟ್ಟಿಲ್ಲ. ನಿಮ್ಮ ಚೌಕದಲ್ಲಿ ಅದಕ್ಕೆ ಕಾಣುವುದು ನಾಲ್ಕೇ ಬಿಂದು, ಮೂಲೆಗೊಂದು ನೋಡ್. ನಮ್ಮ ಕಣ್ಣಿಗೆ ಕಾಣುವ ಬದಿ ಅದರ ಕಡತದಲ್ಲಿ ಇಲ್ಲ. "ಇಲ್ಲಿಂದ ಅಲ್ಲಿಗೆ ನೆಟ್ಟಗೆ ಹೋಗು" ಅನ್ನುವ ಒಂದು ಸಾಲು ಮಾತ್ರ ಇದೆ. ವರ್ಲ್ ಬಂದು ಆ ನಾಲ್ಕು ಬಿಂದುಗಳನ್ನು ಸರಿಸಿತು. ನಡುವೆ ಸರಿಸಲು ಏನೂ ಸಿಗಲಿಲ್ಲ. ಹೊಸ ಜಾಗಗಳ ನಡುವೆ ಮತ್ತೆ ನೆಟ್ಟಗೆ ಗೆರೆ ಎಳೆದು ಸುಮ್ಮನಾಯಿತು.

ಎರಡನೇ ಸಲ ಬರೀ ತಿರುಗಿದ್ದಕ್ಕೂ ಲೆಕ್ಕ ಇದೆ. ಸುಳಿಯ ನಡುವಿನಿಂದ ಬಿಂದು ಎಷ್ಟು ದೂರವೋ ಅಷ್ಟು ಹೆಚ್ಚು ತಿರುಗಿಸುವುದು ವರ್ಲ್‌ನ ನಿಯಮ. ಚೌಕದ ನಾಲ್ಕೂ ಮೂಲೆ ಅದರ ನಡುವಿನಿಂದ ಒಂದೇ ದೂರ. ಎಲ್ಲವೂ ಒಂದೇ ಕೋನ ತಿರುಗಿದವು. ಚೌಕ ಚೌಕವಾಗಿಯೇ ಉಳಿಯಿತು. ಮೊದಲನೇ ಸಲ ಚೌಕ ಓಡಿಹೋಗಿದ್ದೇಕೆ ಗೊತ್ತಾ? ವರ್ಲ್ ಸುಳಿಯ ನಡುವನ್ನು ನಿಮ್ಮ ಆಕಾರದಲ್ಲಿ ಹುಡುಕುವುದಿಲ್ಲ. ಆಗ ನಿಮ್ಮ ಪರದೆಯಲ್ಲಿ ಏನು ಕಾಣುತ್ತಿದೆಯೋ ಅದರ ನಡುವನ್ನು ಹಿಡಿಯುತ್ತದೆ. ಅದಕ್ಕೇ ಮೊದಲು ಆಕಾರವನ್ನು ಆರಿಸಿ ಕೀಬೋರ್ಡ್‌ನಲ್ಲಿ 3 ಒತ್ತಿ. ಆರಿಸಿದ್ದು ಪರದೆಯ ನಡುವೆ ಬಂದು ನಿಲ್ಲುತ್ತದೆ.

ಈಗ ಔಷಧಿ. ಚೌಕವನ್ನು ಆರಿಸಿ ಶಿಫ್ಟ್, ಕಂಟ್ರೋಲ್, ಸಿ ಒಟ್ಟಿಗೆ ಒತ್ತಿ ಪಾಥ್ (ಬಿಂದುಗಳನ್ನು ಜೋಡಿಸುವ ದಾರಿ) ಮಾಡಿ. ಎಫ್2 ಒತ್ತಿದರೆ ನೋಡ್ ಟೂಲ್ ಬರುತ್ತದೆ. ಕಂಟ್ರೋಲ್ ಎ ಒತ್ತಿ ಎಲ್ಲ ನೋಡ್‌ಗಳನ್ನೂ ಆರಿಸಿ, ಇನ್ಸರ್ಟ್ ಕೀ ಒತ್ತಿ. ಎರಡೆರಡು ನೋಡ್‌ಗಳ ನಡುವೆ ಒಂದೊಂದು ಹೊಸ ನೋಡ್ ಹುಟ್ಟುತ್ತದೆ. 4 ಇದ್ದದ್ದು 8, ಇನ್ನೊಮ್ಮೆ ಒತ್ತಿದರೆ 16, ಮತ್ತೊಮ್ಮೆ 32. ಇಲ್ಲಿಗೇ ನಿಲ್ಲಿಸಿ ವರ್ಲ್ ಹಾಕಿದರೆ ಸುಳಿಯೇನೋ ಬರುತ್ತದೆ, ಆದರೆ ಕಡ್ಡಿ ಮುರಿದು ಜೋಡಿಸಿದ ಹಾಗೆ ಕಾಣುತ್ತದೆ. ಕಾರಣ ಅದೇ. ಪ್ರತಿ ತುಂಡೂ ಇನ್ನೂ ನೆಟ್ಟಗಿನ ಗೆರೆಯೇ. ಅದಕ್ಕೆ ಎಲ್ಲ ನೋಡ್ ಆರಿಸಿರುವಾಗಲೇ ಶಿಫ್ಟ್ ಯು ಒತ್ತಿ. ತುಂಡುಗಳೆಲ್ಲ ಕರ್ವ್ ಆಗುತ್ತವೆ. ನೋಡಲು ಏನೂ ಬದಲಾಗುವುದಿಲ್ಲ. ಆದರೆ ಪ್ರತಿ ತುಂಡಿಗೂ ಎರಡು ಹ್ಯಾಂಡಲ್, ಅಂದರೆ ಗೆರೆಯ ಬಾಗನ್ನು ಹಿಡಿದು ಎಳೆಯುವ ಹಿಡಿಗಳು, ಹುಟ್ಟಿರುತ್ತವೆ. ಇನ್ನು ವರ್ಲ್ ಆ ಹ್ಯಾಂಡಲ್‌ಗಳನ್ನೂ ತಿರುಗಿಸುತ್ತದೆ. ಗೆರೆ ಬಾಗುತ್ತದೆ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ವೆಕ್ಟರ್ ಚಿತ್ರದಲ್ಲಿ ಬಾಗಿಸುವ ಯಾವ ತೊಂದರೆ ಬಂದರೂ ನಾನು ಮೊದಲು ನೋಡುವುದು ಬಿಂದುಗಳನ್ನೇ. ಈ ಕರ್ವ್ ಲೆಕ್ಕ ಹುಟ್ಟಿದ್ದು ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್‌ನಲ್ಲಿದ್ದ ಪಾಲ್ ದ ಕ್ಯಾಸ್ಟೆಲ್ಜೊ 1959ರಲ್ಲೇ ಇದನ್ನು ಕಂಡುಕೊಂಡಿದ್ದರು. ಕಂಪನಿ ಗುಟ್ಟು ಬಿಡಲಿಲ್ಲ. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯರ್ ಬೆಜಿಯೆ ಇದನ್ನು ಬೆಳೆಸಿ ಪ್ರಕಟಿಸಿದರು. ಹೆಸರು ಅವರದ್ದೇ ನಿಂತಿತು. ಈ ಕರ್ವ್‌ಗೆ ಒಂದು ಒಳ್ಳೆಯ ಗುಣ ಇದೆ. ನೀವು ಅದನ್ನು ತಿರುಗಿಸಿ, ಎಳೆದು ಉದ್ದ ಮಾಡಿ, ಓರೆ ಮಾಡಿ. ಬಿಂದು ಮತ್ತು ಹ್ಯಾಂಡಲ್ ಸರಿಸಿದರೆ ಸಾಕು, ಇಡೀ ಕರ್ವ್ ಕೂದಲೆಳೆಯಷ್ಟೂ ತಪ್ಪದೆ ಹಿಂದೆಯೇ ಬರುತ್ತದೆ. ಆದರೆ ಸುಳಿ, ಅಲೆ, ಉಬ್ಬು ಅಂತ ಹೋದಿರೋ, ಈ ನಿಷ್ಠೆ ಮುಗಿಯಿತು. ಆಗ ಸಿಗುವುದು ಅಂದಾಜು ಮಾತ್ರ. ಬಿಂದು ಹೆಚ್ಚಿದ್ದರೆ ಅಂದಾಜು ಹತ್ತಿರ, ಕಡಿಮೆ ಇದ್ದರೆ ದೂರ.

ಪ್ರಶ್ನೆ: ಇಲ್ಲಸ್ಟ್ರೇಟರ್‌ನಲ್ಲಿ ಎರಡು ಪದಗಳನ್ನು ಬೇರೆ ಬೇರೆಯಾಗಿ ಆರ್ಕ್ ವಾರ್ಪ್ (ಕಮಾನಿನ ಹಾಗೆ ಬಾಗಿಸುವುದು) ಮಾಡಿ ಒಂದರ ಕೆಳಗೊಂದು ಇಟ್ಟೆ. "ಕಮಲ" ಅನ್ನುವುದು ಚೆನ್ನಾಗಿ ಬಾಗಿತು. "ಪುಸ್ತಕ" ಮಾತ್ರ ಮೇಲೆ ಗಿಡ್ಡ, ಕೆಳಗೆ ಜೋಲು. ಫಾಂಟ್ ಒಂದೇ, ಅಳತೆ ಒಂದೇ, ಬೆಂಡ್ ಕೂಡ ಒಂದೇ 30. ಯಾಕೆ ಹೀಗೆ? (ಪುಸ್ತಕದ ಮುಖಪುಟ ಮಾಡುವವರು)

ಉತ್ತರ: ನಿಮ್ಮ ಪತ್ರ ಓದಿ ನನಗೆ ಖುಷಿಯಾಯಿತು. ಇದು ಕನ್ನಡದಲ್ಲಿ ಕೆಲಸ ಮಾಡುವವರಿಗೇ ಹೆಚ್ಚಾಗಿ ಎದುರಾಗುವ ತೊಂದರೆ. ಇಂಗ್ಲಿಷ್ ಪಾಠಗಳಲ್ಲಿ ನೀವು ಇದನ್ನು ಎಷ್ಟು ಹುಡುಕಿದರೂ ಸಿಗಲಿಕ್ಕಿಲ್ಲ.

ವಾರ್ಪ್ ಹಾಕಿದಾಗ ಪದದ ಸುತ್ತ ಬರುವ ಹೊದಿಕೆಗೆ ಎನ್ವೆಲಪ್ ಅನ್ನುತ್ತಾರೆ. ಅದು ಅಕ್ಷರವನ್ನು ನೋಡುವುದಿಲ್ಲ. ಅಕ್ಷರಗಳ ಸುತ್ತ ಒಂದು ಪೆಟ್ಟಿಗೆ ಕಟ್ಟಿ, ಆ ಪೆಟ್ಟಿಗೆಯನ್ನು ಬಾಗಿಸುತ್ತದೆ. "ಕಮಲ"ದ ಪೆಟ್ಟಿಗೆ ತಲೆಕಟ್ಟಿನಿಂದ ಅಕ್ಷರದ ಪಾದದವರೆಗೆ. "ಪುಸ್ತಕ"ದಲ್ಲಿ ಸ ಕೆಳಗೆ ತ ಒತ್ತು ಇದೆ. ಪೆಟ್ಟಿಗೆ ಆ ಒತ್ತಿನ ತುದಿಯವರೆಗೆ ಇಳಿಯುತ್ತದೆ. ಒಂದೇ ಒಂದು ಒತ್ತಕ್ಷರಕ್ಕಾಗಿ ಇಡೀ ಪದದ ಪೆಟ್ಟಿಗೆ ಎತ್ತರವಾಯಿತು. ಬಾಗಿಸುವ ಲೆಕ್ಕ ಎಲ್ಲವೂ ಆ ಎತ್ತರದ ಮೇಲೆ. ಹಾಗಾಗಿ ಎರಡು ಪದಗಳಿಗೆ ಸಿಕ್ಕ ಬಾಗು ಎರಡು ಬಗೆ.

ನಾನು ಮಾಡುವ ಉಪಾಯ ಒರಟು, ಆದರೆ ಕೈಕೊಟ್ಟಿಲ್ಲ. ಎರಡೂ ಪದಗಳ ಹಿಂದೆ ಒಂದೇ ಅಳತೆಯ ಆಯತ ಇಡಿ. ಅದು ಒತ್ತಕ್ಷರಕ್ಕೂ ಕೆಳಗೆ ಇಳಿದಿರಬೇಕು, ಕೊಂಬು, ಗುಡಿಸು ಎಲ್ಲಕ್ಕಿಂತ ಮೇಲೆ ಏರಿರಬೇಕು. ಅಕ್ಷರದ ಪಾದ ಎರಡರಲ್ಲೂ ಒಂದೇ ಎತ್ತರದಲ್ಲಿ ಕೂರಲಿ. ಅಗಲವೂ ಒಂದೇ ಇರಲಿ. ಪದ ಮತ್ತು ಆಯತ ಸೇರಿಸಿ ಗ್ರೂಪ್ ಮಾಡಿ, ಆಮೇಲೆ ವಾರ್ಪ್ ಹಾಕಿ. ಈಗ ಪೆಟ್ಟಿಗೆ ಎರಡಕ್ಕೂ ಸಮ, ಬಾಗೂ ಸಮ. ಕೊನೆಗೆ ಎಕ್ಸ್‌ಪ್ಯಾಂಡ್ ಮಾಡಿ ಆಯತಗಳನ್ನು ಅಳಿಸಿ. ಆಯತಕ್ಕೆ ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣ ಕೊಡಿ. ನಾನು ಒಮ್ಮೆ ಬಿಳಿ ಬಣ್ಣ ಕೊಟ್ಟು, ಮರೆತು, ಮುದ್ರಣಕ್ಕೆ ಕಳಿಸಿದ್ದೆ. ಹಿಂದೆ ನೀಲಿ ಆಕಾಶ ಇತ್ತು. ಮುಂದಿನದನ್ನು ನೀವೇ ಊಹಿಸಿ.

ಎಕ್ಸ್‌ಪ್ಯಾಂಡ್ ಮಾಡುವ ಮೊದಲು ಕಾಗುಣಿತ ಎರಡು ಸಲ ನೋಡಿ. ಎನ್ವೆಲಪ್ ಒಳಗಿರುವಾಗ ಎಡಿಟ್ ಕಂಟೆಂಟ್ಸ್ ಒತ್ತಿ ಅಕ್ಷರ ತಿದ್ದಬಹುದು. ಎಕ್ಸ್‌ಪ್ಯಾಂಡ್ ಆದಮೇಲೆ ಅದು ಅಕ್ಷರ ಅಲ್ಲ, ಬರೀ ಆಕಾರ. ನಾನಂತೂ ಪ್ರತಿ ಕಡತದಲ್ಲೂ ಪುಟದ ಹೊರಗೆ, ಬಲಗಡೆ, ಮೂಲ ಪದದ ಒಂದು ನಕಲು ಇಟ್ಟಿರುತ್ತೇನೆ.

ಇನ್ನೊಂದು ಮಾತು. ನಿಮಗೆ ಬೇಕಿರುವುದು ಅಕ್ಷರ ಬಾಗುವುದಾ, ಸಾಲು ಬಾಗುವುದಾ? ಸಾಲು ಮಾತ್ರ ಬಾಗಿದರೆ ಸಾಕು ಅಂದರೆ ವಾರ್ಪ್ ಬೇಡವೇ ಬೇಡ, ಟೈಪ್ ಆನ್ ಎ ಪಾಥ್ ಸಾಕು. ಅಲ್ಲಿ ಪ್ರತಿ ಅಕ್ಷರವೂ ತನ್ನ ಆಕಾರ ಉಳಿಸಿಕೊಂಡು ಸ್ವಲ್ಪ ವಾಲುತ್ತದೆ, ಅಷ್ಟೇ. ದೇವನಾಗರಿಗೆ ಇದು ಕಷ್ಟ. ಅದರ ತಲೆಗೆರೆ ಪದದ ಉದ್ದಕ್ಕೂ ಓಡುವುದರಿಂದ ಅಕ್ಷರ ವಾಲಿದ ಕಡೆ ಮುರಿದ ಹಾಗೆ ಕಾಣುತ್ತದೆ. ನಮ್ಮ ತಲೆಕಟ್ಟು ಅಕ್ಷರಕ್ಕೊಂದು, ನಾವು ಬಚಾವ್.

ಪ್ರಶ್ನೆ: ಇಲ್ಲಸ್ಟ್ರೇಟರ್‌ನ ವಾರ್ಪ್ ಪಟ್ಟಿಯಲ್ಲಿ 15 ಬಗೆ ಇವೆ. ಎಲ್ಲವನ್ನೂ ಕಲಿಯಬೇಕಾ?

ಉತ್ತರ: ಬೇಡ. ಆರ್ಕ್, ಫ್ಲ್ಯಾಗ್, ಬಲ್ಜ್ ಮೂರು ಗೊತ್ತಿದ್ದರೆ ವರ್ಷವಿಡೀ ಸಾಗುತ್ತದೆ. ಬೆಂಡ್ ಅನ್ನು −100ರಿಂದ 100ರವರೆಗೆ ಎಳೆಯಬಹುದು. ನಾನು 25 ದಾಟುವುದು ಅಪರೂಪ. ಫಿಶ್ ಅನ್ನುವುದನ್ನು ಇಷ್ಟು ವರ್ಷದಲ್ಲಿ ಒಂದೇ ಸಲ ಬಳಸಿದ್ದೇನೆ, ಅದೂ ಮೀನು ಬರೆಯಲು.

ಪ್ರಶ್ನೆ: ನಾನು ಬರೆದ ಲೇಬಲ್ ಅನ್ನು ಡಬ್ಬಿಯ ಚಿತ್ರದ ಮೇಲೆ ಕೂರಿಸಬೇಕು. ಆರ್ಕ್ ವಾರ್ಪ್ ಹಾಕಿದೆ. ಮೇಲಿನ ಕೆಳಗಿನ ಅಂಚು ಡಬ್ಬಿಯ ಬಾಗಿಗೆ ಸರಿಯಾಗಿ ಕೂತಿವೆ. ಆದರೂ ಡಬ್ಬಿಗೆ ಸುತ್ತಿದ ಹಾಗೆ ಕಾಣುವುದಿಲ್ಲ, ಮುಂದೆ ಹಿಡಿದ ಕಾಗದದ ಹಾಗೆ ಕಾಣುತ್ತದೆ. ಏನು ತಪ್ಪಿದೆ?

ಉತ್ತರ: ಅಂಚು ಸರಿ ಇದೆ, ಅಗಲ ತಪ್ಪಿದೆ. ಕೈಗೆ ಸಿಗುವ ಯಾವುದಾದರೂ ಡಬ್ಬಿ ಎತ್ತಿಕೊಂಡು ಕಣ್ಣಿನ ನೇರಕ್ಕೆ ಹಿಡಿಯಿರಿ. ನಡುವಿನ ಅಕ್ಷರ ಪೂರಾ ಅಗಲ ಕಾಣುತ್ತದೆ. ಪಕ್ಕಕ್ಕೆ ಹೋದ ಹಾಗೆ ಅಕ್ಷರ ತೆಳ್ಳಗಾಗುತ್ತಾ ಹೋಗಿ, ಅಂಚಿನಲ್ಲಿ ಬರೀ ಗೆರೆಯಾಗಿ ಹಿಂದಕ್ಕೆ ಜಾರುತ್ತದೆ. ಆರ್ಕ್ ವಾರ್ಪ್ ಈ ತೆಳ್ಳಗಾಗುವುದನ್ನು ಮಾಡುವುದಿಲ್ಲ. ಅದು ಬಾಗಿಸುತ್ತದೆ, ಅಂಚನ್ನು ಹಿಂಡುವುದಿಲ್ಲ. ಕಣ್ಣು ಮೋಸ ಹೋಗುವುದು ಬಾಗಿಗಿಂತ ಈ ಹಿಂಡುವಿಕೆಗೆ.

ಎಷ್ಟು ಹಿಂಡಬೇಕು ಅನ್ನುವುದನ್ನು ಅಂದಾಜಿಗೆ ಬಿಡಬೇಡಿ, ಲೆಕ್ಕ ಸುಲಭ. ಡಬ್ಬಿಯ ನಮ್ಮ ಕಡೆಗಿನ ಅರ್ಧವನ್ನು 15 ಡಿಗ್ರಿಯ 12 ಪಟ್ಟಿ ಮಾಡಿಕೊಳ್ಳಿ, ನಡುವಿನಿಂದ ಒಂದೊಂದು ಕಡೆಗೆ 6. ಕಣ್ಣಿಗೆ ಕಾಣುವ ಡಬ್ಬಿಯ ಅರ್ಧ ಅಗಲ 100 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ನಡುವಿನಿಂದ ಹೊರಗೆ ಪಟ್ಟಿಗಳ ಅಗಲ ಸುಮಾರು ಹೀಗೆ ಬರುತ್ತದೆ: 26, 24, 21, 16, 10, ಕೊನೆಗೆ 3. ಶಾಲೆಯಲ್ಲಿ ಕಲಿತ ಸೈನ್ ಕೋಷ್ಟಕವೇ ಇದು. ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ ಅಂತ ಮೇಷ್ಟ್ರು ಹೇಳಿದಾಗ ನಾನು ನಂಬಿರಲಿಲ್ಲ. ಮೊದಲ ಪಟ್ಟಿಗೂ ಕೊನೆಯದಕ್ಕೂ ಎಷ್ಟು ಅಂತರ ನೋಡಿ. ನಡುವಿನ ಎರಡು ಪಟ್ಟಿ ಹೆಚ್ಚುಕಡಿಮೆ ಒಂದೇ ಅಗಲ, ಕೊನೆಯ ಎರಡು ಧಡಕ್ಕನೆ ಕುಸಿಯುತ್ತವೆ. ಕೈ ಅಂದಾಜಿನಲ್ಲಿ ಮಾಡುವವರು ಎಲ್ಲ ಪಟ್ಟಿಯನ್ನೂ ಸಮವಾಗಿ ಇಳಿಸುತ್ತಾ ಹೋಗುತ್ತಾರೆ. ಅಲ್ಲಿಯೇ ಡಬ್ಬಿ ಡಬ್ಬಿಯ ಹಾಗೆ ಕಾಣದೆ ಗುಡಾರದ ಹಾಗೆ ಕಾಣುವುದು.

ಇಲ್ಲಸ್ಟ್ರೇಟರ್‌ನಲ್ಲಿ ಇದಕ್ಕೆ ಮೇಕ್ ವಿತ್ ಮೆಶ್ (ಜಾಲರಿ ಹಾಕಿ ಬಾಗಿಸುವುದು) ಬಳಸಿ. ಅಡ್ಡ ಸಾಲು 1, ಕಂಬಸಾಲು 12. ಡೈರೆಕ್ಟ್ ಸೆಲೆಕ್ಷನ್ ಬಾಣದಿಂದ ಕಂಬಸಾಲುಗಳನ್ನು ಮೇಲಿನ ಲೆಕ್ಕಕ್ಕೆ ಸರಿಸಿ. ಸರಿಸಲು ಮೊದಲೇ ಗೈಡ್ ಗೆರೆ ಎಳೆದಿಟ್ಟುಕೊಂಡರೆ ಬೇಗ ಆಗುತ್ತದೆ. ಆಮೇಲೆ ಮೇಲಿನ ಬಿಂದುಗಳನ್ನೂ ಕೆಳಗಿನ ಬಿಂದುಗಳನ್ನೂ ಡಬ್ಬಿಯ ಬಾಗಿಗೆ ಇಳಿಸಿ. ಮೇಲಿನ ಬಾಗೂ ಕೆಳಗಿನ ಬಾಗೂ ಒಂದೇ ಅಂತ ನಕಲು ಹೊಡೆಯಬೇಡಿ. ಡಬ್ಬಿಯನ್ನು ಮೇಲಿನಿಂದ ನೋಡುತ್ತಿದ್ದರೆ, ಕಣ್ಣಿನ ಮಟ್ಟಕ್ಕೆ ಹತ್ತಿರ ಇರುವ ಅಂಚು ಚಪ್ಪಟೆ, ದೂರ ಇರುವ ಕೆಳಗಿನ ಅಂಚು ಹೆಚ್ಚು ಬಾಗಿರುತ್ತದೆ.

ಇದು ಅರ್ಧ ದಿನದ ಕೆಲಸ. ಒಂದು ಸಲ ಮಾಡಿ ಕಡತ ಜೋಪಾನ ಮಾಡಿ. ಒಳಗಿನ ಲೇಬಲ್ ಬದಲಿಸಿದರೆ ಆಯಿತು, ಮೆಶ್ ಅದೇ ಇರುತ್ತದೆ.

ಪ್ರಶ್ನೆ: ಇಂಕ್‌ಸ್ಕೇಪ್‌ನ ಸ್ಕ್ಯೂ (ಓರೆ ಮಾಡುವುದು) ಬಳಸಿ ಗೋಡೆಯನ್ನು ದೂರಕ್ಕೆ ಹೋಗುವ ಹಾಗೆ ಮಾಡಲು ನೋಡಿದೆ. ಎಷ್ಟು ಎಳೆದರೂ ಆಗುತ್ತಿಲ್ಲ.

ಉತ್ತರ: ಎಷ್ಟು ಎಳೆದರೂ ಆಗುವುದಿಲ್ಲ. ಸ್ಕ್ಯೂನಲ್ಲಿ ಸಮಾನಾಂತರ ಗೆರೆಗಳು ಸಮಾನಾಂತರವಾಗಿಯೇ ಉಳಿಯುತ್ತವೆ. ದೂರದ ಗೋಡೆಯಲ್ಲಿ ಅವು ಒಂದು ಕಡೆ ಸೇರಬೇಕು. ಎಸ್‌ವಿಜಿ (ಇಂಕ್‌ಸ್ಕೇಪ್ ಚಿತ್ರ ಉಳಿಸುವ ಬಗೆ) ಕಡತದಲ್ಲಿ ಒಂದು ಟ್ರಾನ್ಸ್‌ಫಾರ್ಮ್ ಅಂದರೆ ಆರು ಅಂಕಿ. ಆರು ಅಂಕಿಯಿಂದ ಮೂರು ಮೂಲೆಗಳನ್ನು ಬೇಕಾದ ಕಡೆ ಇಡಬಹುದು. ನಾಲ್ಕನೆಯದು ಎಲ್ಲಿ ಹೋಗಬೇಕು ಅನ್ನುವುದು ಆಗಲೇ ನಿರ್ಧಾರವಾಗಿರುತ್ತದೆ. ನಾಲ್ಕನೇ ಮೂಲೆಯೂ ನಿಮ್ಮ ಮಾತು ಕೇಳಬೇಕಾದರೆ ಬಿಂದುಗಳನ್ನೇ ಸರಿಸುವ ಪರ್ಸ್ಪೆಕ್ಟಿವ್ ಉಪಕರಣ ಬೇಕು. ಇಂಕ್‌ಸ್ಕೇಪ್‌ನಲ್ಲಿ ಪಾಥ್ ಎಫೆಕ್ಟ್ಸ್ ಪಟ್ಟಿಯಲ್ಲಿ ಪರ್ಸ್ಪೆಕ್ಟಿವ್/ಎನ್ವೆಲಪ್ ಅಂತ ಇದೆ. ಇಲ್ಲಸ್ಟ್ರೇಟರ್‌ನವರು ಫ್ರೀ ಟ್ರಾನ್ಸ್‌ಫಾರ್ಮ್ ಟೂಲ್ ತೆಗೆದು ಮೂಲೆ ಹಿಡಿದು ಎಳೆಯಲು ಶುರು ಮಾಡಿ, ಆಮೇಲೆ ಕಂಟ್ರೋಲ್ ಒತ್ತಿ. ಮೊದಲೇ ಕಂಟ್ರೋಲ್ ಒತ್ತಿದರೆ ಕೆಲಸ ಆಗದು. ಈ ಕ್ರಮ ಗೊತ್ತಾಗದೆ ನಾನು ಎಷ್ಟೋ ದಿನ ಆ ಟೂಲ್ ಕೆಲಸಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ.

ಗೋಡೆ ಮಾಡಿದ ಮೇಲೆ ಅದರ ಸರಿ ನಡುವೆ ಕಿಟಕಿ ಇಡಬೇಕು ಅಂದರೆ ಅಳತೆಪಟ್ಟಿ ಹಿಡಿಯಬೇಡಿ. ಗೋಡೆಯ ಎದುರುಬದುರು ಮೂಲೆಗಳಿಗೆ ಎರಡು ಗೆರೆ ಎಳೆಯಿರಿ. ಅವು ಕೂಡುವ ಜಾಗವೇ ನಡು. ಅದು ದೂರದ ಅಂಚಿನ ಕಡೆಗೆ ಸರಿದಿರುವುದನ್ನು ನೋಡುತ್ತೀರಿ.

ಪ್ರಶ್ನೆ: ಬಾಗಿಸಿದ ಚಿತ್ರವನ್ನು ವಿನೈಲ್ ಹಾಳೆ ಕತ್ತರಿಸುವ ಯಂತ್ರಕ್ಕೆ, ಅಂದರೆ ಕಟಿಂಗ್ ಪ್ಲಾಟರ್‌ಗೆ ಕಳಿಸಿದರೆ ಚಾಕು ನಡುಗುತ್ತಾ ಹೋಗುತ್ತದೆ. ಅಂಚು ಹಲ್ಲು ಹಲ್ಲಾಗಿ ಬರುತ್ತದೆ. ಮಷೀನ್ ಸರ್ವಿಸ್ ಮಾಡಿಸಬೇಕಾ? (ವಿನೈಲ್ ಕೆಲಸ ಮಾಡುವವರು)

ಉತ್ತರ: ಸರ್ವಿಸ್‌ಗೆ ಮೊದಲು ಕಡತ ತೆರೆದು ನೋಡ್ ಎಣಿಸಿ. ನಾನು ಕೆಲಸ ಕಲಿತದ್ದೇ ಪ್ಲಾಟರ್ ಮುಂದೆ ಕೂತು. ಆಗ ಒಂದು ಸೂರ್ಯನ ಚಿತ್ರ ಬಂದಿತ್ತು. ಕಿರಣಗಳು ಬೆಂಕಿಯ ಹಾಗೆ ಕಾಣಲಿ ಅಂತ ಅಂಚನ್ನು ಒರಟು ಮಾಡುವ ರಫನ್ ಹಾಕಿದೆ. ಅದರಲ್ಲಿ ಡೀಟೇಲ್ ಅನ್ನುವುದು ಇಂಚಿಗೆ ಎಷ್ಟು ಅನ್ನುವ ಲೆಕ್ಕ. ನನಗೆ ಗೊತ್ತಿರಲಿಲ್ಲ, 80 ಕೊಟ್ಟೆ. ಪರದೆಯ ಮೇಲೆ ಚೆಂದವೋ ಚೆಂದ. ಚಾಕು ಮಾತ್ರ ಒಂದೊಂದು ಬಿಂದುವಿನಲ್ಲೂ ನಿಂತು, ಯೋಚಿಸಿ, ಮುಂದೆ ಹೋಗುತ್ತಿತ್ತು. ಕಿರಣದ ತುದಿಗಳಲ್ಲಿ ವಿನೈಲ್ ಕಿತ್ತು ಚಾಕಿಗೇ ಅಂಟಿಕೊಂಡಿತು. ಯಜಮಾನರು ಬೈಯಲಿಲ್ಲ. ರೋಲಿನ ಉಳಿದ ತುಂಡು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಬೈದಿದ್ದರೇ ವಾಸಿ ಇತ್ತು.

ಮೊದಲ ಉತ್ತರದಲ್ಲಿ ಬಿಂದು ಸೇರಿಸಿ ಅಂದವಳೇ ಈಗ ಕಿತ್ತು ಹಾಕಿ ಅನ್ನುತ್ತಿದ್ದೇನೆ ಅಲ್ವಾ? ಎರಡೂ ಸರಿ. ಬಾಗಿಸುವ ಮೊದಲು ಸೇರಿಸಿ, ಬಾಗಿಸಿದ ಮೇಲೆ ಕಳೆಯಿರಿ. ಬಾಗಿಸುವಾಗ ಅಂದಾಜಿಗೆ ಬೇಕಾಗಿದ್ದ ಬಿಂದುಗಳಲ್ಲಿ ಎಷ್ಟೋ ಆಮೇಲೆ ಬೇಕಾಗುವುದಿಲ್ಲ. ಅವುಗಳ ಹ್ಯಾಂಡಲ್ ಚೂರು ಆಚೀಚೆ ಆಗಿದ್ದರೂ ಚಾಕು ಆ ಸಣ್ಣ ಮುರಿವನ್ನು ಬಿಡದೆ ಕತ್ತರಿಸುತ್ತದೆ. ಒಂದು ವೃತ್ತಕ್ಕೆ ನಾಲ್ಕು ಬಿಂದು ಸಾಕು. ಆ ನಾಲ್ಕರಲ್ಲಿ ಬರುವ ತಪ್ಪು ತ್ರಿಜ್ಯದ 10,000ದಲ್ಲಿ 3 ಭಾಗದಷ್ಟೂ ಇಲ್ಲ. ಯಾವ ಕಣ್ಣಿಗೂ ಅದು ಕಾಣದು.

ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಎಲ್ ಒತ್ತಿದರೆ ಬಿಂದು ಕಡಿಮೆಯಾಗುತ್ತವೆ. ಬೇಗ ಬೇಗ ಒತ್ತಿದರೆ ಪ್ರತಿ ಸಲವೂ ಇನ್ನಷ್ಟು ಜೋರಾಗಿ ಕಡಿಯುತ್ತದೆ. ಒಮ್ಮೆ ಒತ್ತಿ, ನೋಡಿ, ಸ್ವಲ್ಪ ತಡೆದು ಮತ್ತೆ ಒತ್ತಿ. ಇಲ್ಲಸ್ಟ್ರೇಟರ್‌ನಲ್ಲಿ ಆಬ್ಜೆಕ್ಟ್ ಮೆನುವಿನ ಪಾಥ್ ಒಳಗೆ ಸಿಂಪ್ಲಿಫೈ ಇದೆ. ಎನ್ವೆಲಪ್ ಆದರೆ ಅದಕ್ಕೂ ಮೊದಲೇ ಎನ್ವೆಲಪ್ ಆಪ್ಷನ್ಸ್‌ನಲ್ಲಿ ಫಿಡೆಲಿಟಿ ಇಳಿಸಿ ನೋಡಿ. ಅದು ಹೆಚ್ಚಾದಷ್ಟೂ ಬಿಂದು ಹೆಚ್ಚು. ಚೂಪು ಮೂಲೆಗಳನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. ಸಿಂಪ್ಲಿಫೈ ಅವನ್ನು ಉಜ್ಜಿ ಮೊಂಡು ಮಾಡುತ್ತದೆ. ನಾನು ಮೂಲೆ ಇರುವ ಭಾಗಗಳನ್ನು ಬೇರೆ ಮಾಡಿ, ಉಳಿದದ್ದಕ್ಕಷ್ಟೇ ಹಾಕುತ್ತೇನೆ.

ಪ್ರಶ್ನೆ: ಪಾಥ್ ಎಫೆಕ್ಟ್ ಹಾಕಿ ಬಾಗಿಸಿದೆ. ಆಕಾರ ಒಂದು ಕಡೆ ಹಿಗ್ಗಿದರೂ ಗೆರೆಯ ದಪ್ಪ ಎಲ್ಲ ಕಡೆ ಒಂದೇ ಇದೆ.

ಉತ್ತರ: ಬಾಗಿದ್ದು ಗೆರೆಯ ನಡುವಿನ ದಾರಿ. ಸ್ಟ್ರೋಕ್ ಅದರ ಮೇಲೆ ಬಳಿದ ಬಣ್ಣ ಇದ್ದ ಹಾಗೆ. ದಪ್ಪವೂ ಹಿಗ್ಗಬೇಕಾದರೆ ಮೊದಲು ಕಂಟ್ರೋಲ್, ಆಲ್ಟ್, ಸಿ ಒತ್ತಿ ಸ್ಟ್ರೋಕ್ ಅನ್ನು ಪಾಥ್ ಮಾಡಿ, ಆಮೇಲೆ ಬಾಗಿಸಿ.

ಪ್ರಶ್ನೆ: ಹೀಗೆ ಜಾಲರಿ ಹಾಕಿ ಆಕಾರ ಬಾಗಿಸುವ ಉಪಾಯ ಯಾರ ತಲೆಗೆ ಮೊದಲು ಬಂತು? (ಸುಮ್ನೆ ಕುತೂಹಲ ಎಂದು ಬರೆದವರು)

ಉತ್ತರ: ಕಂಪ್ಯೂಟರ್‌ಗಿಂತ ಹಳೆಯದು. ಜರ್ಮನಿಯ ಆಲ್ಬ್ರೆಖ್ಟ್ ಡ್ಯೂರರ್ ಮನುಷ್ಯರ ಮುಖವನ್ನು ಚೌಕಳಿ ಮೇಲೆ ಬರೆದು, ಚೌಕಳಿಯನ್ನು ಎಳೆದು ಬೇರೆ ಬೇರೆ ಮುಖ ಮಾಡಿ ತೋರಿಸಿದ್ದರು. ಅದು 1528ರಲ್ಲಿ ಅಚ್ಚಾಯಿತು. 1917ರಲ್ಲಿ ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ ಒಂದು ಮೀನನ್ನು ಜಾಲರಿ ಮೇಲೆ ಬರೆದು, ಜಾಲರಿ ಬಾಗಿಸಿದರೆ ಅದೇ ಇನ್ನೊಂದು ಜಾತಿಯ ಮೀನಾಗುವುದನ್ನು ತೋರಿಸಿದರು. ಮುಳ್ಳುಮೀನಿನ ಬಾಲದ ಕಡೆಯ ಗೆರೆಗಳನ್ನು ಅಗಲಿಸಿದರೆ ದುಂಡು ಸನ್‌ಫಿಶ್! ಕಂಪ್ಯೂಟರ್‌ನಲ್ಲಿ ಘನಾಕೃತಿಯನ್ನು ಜಾಲರಿಯೊಳಗೆ ಇಟ್ಟು ಬಾಗಿಸುವ ಹೆಸರಾಂತ ವಿಧಾನವನ್ನು ಸೆಡರ್‌ಬರ್ಗ್ ಮತ್ತು ಪ್ಯಾರಿ 1986ರಲ್ಲಿ ಪ್ರಕಟಿಸಿದರು. ಅದರ ಲೆಕ್ಕದಲ್ಲೂ ಬೆಜಿಯೆ ಕರ್ವ್‌ನ ಗಣಿತವೇ ಇದೆ. ನಾನು ಫಿಶ್ ವಾರ್ಪ್ ನೋಡಿ ನಕ್ಕಿದ್ದೆ. ಥಾಂಪ್ಸನ್ ಬಗ್ಗೆ ಓದಿದ ಮೇಲೆ ನಗು ಸ್ವಲ್ಪ ಕಡಿಮೆಯಾಗಿದೆ.

ಪ್ರಶ್ನೆ: ಇಲ್ಲಸ್ಟ್ರೇಟರ್‌ನಲ್ಲಿ ಫೋಟೊಗೆ ಎನ್ವೆಲಪ್ ಹಾಕಲು ಬಿಡುತ್ತಿಲ್ಲ.

ಉತ್ತರ: ಫೋಟೊ ಬಹುಶಃ ಲಿಂಕ್ ಆಗಿದೆ, ಅಂದರೆ ನಿಮ್ಮ ಕಡತದ ಒಳಗಿಲ್ಲ, ಹೊರಗೆ ಬೇರೆಯಾಗಿದೆ. ಲಿಂಕ್ಸ್ ಪ್ಯಾನೆಲ್‌ನಲ್ಲಿ ಎಂಬೆಡ್ ಮಾಡಿ (ಕಡತದ ಒಳಗೇ ಸೇರಿಸಿ), ಆಮೇಲೆ ಹಾಕಿ, ಹಾಕಲು ಬಿಡುತ್ತದೆ. ಕಡತ ದಪ್ಪವಾಗುತ್ತದೆ. ಅದು ಯಾಕೆ ಅಂತ ಕೇಳಿ ಇನ್ನೊಂದು ಪತ್ರ ಬರೆಯಬೇಡಿ.